ಷಾರ್ಲೆಟ್ ಯಾರ ಜೊತೆ ಓದುತ್ತಿದ್ದಳು?

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆಯಿದೆ. ಅದರಲ್ಲಿ ನಾಲ್ಕು ಕಾಲಂ: ಪತ್ರದ ದಿನಾಂಕ, ಯಾರಿಗೆ ಬರೆದದ್ದು, ಯಾವ ಪುಸ್ತಕದ ಮಾತು, ಏನು ಅಭಿಪ್ರಾಯ. ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ಎಲ್ಲಿಂದ ಶುರುಮಾಡಬೇಕೆಂದು ತೋಚದೆ ತೆರೆದ ಹಾಳೆ ಅದು. ಷಾರ್ಲೆಟ್ ಬ್ರಾಂಟೆಯ ಪತ್ರಗಳಲ್ಲಿ ಕಾಣುವ ಅವಳ ಓದು ನನ್ನ ಸಂಶೋಧನೆಯ ವಿಷಯ. ಮಾರ್ಗರೆಟ್ ಸ್ಮಿತ್ ಸಂಪಾದಿಸಿದ ಆ ಪತ್ರಗಳು 1995ರಿಂದ 2004ರ ನಡುವೆ ಮೂರು ದಪ್ಪ ಸಂಪುಟಗಳಾಗಿ ಬಂದಿವೆ. ದಿನಕ್ಕೆ ಹತ್ತು ಪತ್ರ ಓದುವುದು, ಪುಸ್ತಕದ ಹೆಸರು ಕಂಡಲ್ಲಿ ನಿಲ್ಲುವುದು, ಹಾಳೆಗೆ ಒಂದು ಸಾಲು ಸೇರಿಸುವುದು. ಸಂಜೆ ಎಷ್ಟು ಸಾಲಾಯಿತೆಂದು ಎಣಿಸಿದರೆ ಕೆಲಸ ಮಾಡಿದ ಸಮಾಧಾನ. ಸಂಶೋಧನಾ ವಿದ್ಯಾರ್ಥಿಗಳಿಗೆ ಆ ಸಮಾಧಾನ ಎಷ್ಟು ಅಗತ್ಯವೆಂದು ಈ ದಾರಿಯಲ್ಲಿ ನಡೆದವರಿಗೆ ಗೊತ್ತಿರುತ್ತದೆ.

ಹಾಳೆಯಲ್ಲಿ ಒಂದೇ ದಿನಾಂಕಕ್ಕೆ ಅತಿ ಹೆಚ್ಚು ಸಾಲುಗಳು ಬಿದ್ದದ್ದು 1834ರ ಜುಲೈ 4ಕ್ಕೆ. ಆಗ ಷಾರ್ಲೆಟ್‌ಗೆ ಹದಿನೆಂಟು ವರ್ಷ. ಶಾಲೆಯಲ್ಲಿ ಜೊತೆಗಿದ್ದ ಗೆಳತಿ ಎಲೆನ್ ನಸ್ಸಿ, ಯಾವ ಪುಸ್ತಕಗಳನ್ನು ಓದಲಿ ಎಂದು ಕೇಳಿದ್ದಳು. ಷಾರ್ಲೆಟ್ ಒಂದು ಪಟ್ಟಿಯನ್ನೇ ಕಳಿಸಿದಳು. ಕಾವ್ಯಕ್ಕೆ ಮಿಲ್ಟನ್, ಷೇಕ್ಸ್‌ಪಿಯರ್, ಥಾಮ್ಸನ್, ಗೋಲ್ಡ್‌ಸ್ಮಿತ್, ಪೋಪ್, ಸ್ಕಾಟ್, ಬೈರನ್, ವರ್ಡ್ಸ್‌ವರ್ತ್, ಸೌದಿ. ಇತಿಹಾಸಕ್ಕೆ ಹ್ಯೂಮ್, ರೋಲಿನ್. ಜೀವನಚರಿತ್ರೆಗೆ ಜಾನ್ಸನ್ ಬರೆದ ಕವಿಗಳ ಚರಿತ್ರೆ, ಬಾಸ್ವೆಲ್ ಬರೆದ ಜಾನ್ಸನ್ನನ ಚರಿತ್ರೆ, ಇನ್ನೂ ಕೆಲವು. ಪ್ರಾಣಿಪಕ್ಷಿಗಳ ಬಗ್ಗೆ ತಿಳಿಯಲು ಬ್ಯೂವಿಕ್, ಆಡುಬಾನ್. ಕಾದಂಬರಿಗೆ ಬಂದಾಗ ಮಾತ್ರ ಪಟ್ಟಿ ಒಂದೇ ಹೆಸರಿಗೆ ನಿಲ್ಲುತ್ತದೆ: ಸ್ಕಾಟ್ ಒಬ್ಬನೇ ಸಾಕು, ಅವನ ನಂತರ ಬಂದವೆಲ್ಲ ನಿಷ್ಪ್ರಯೋಜಕ ಎಂಬುದು ಅವಳ ತೀರ್ಪು.

ಈ ಪತ್ರ ಓದಿದಾಗ ನನಗೆ ನಗು ಬಂದದ್ದು ಎರಡು ಕಾರಣಕ್ಕೆ. ಕಾದಂಬರಿಯೇ ಮುಗಿದುಹೋಯಿತೆಂದು ಷರಾ ಬರೆದ ಈ ಹುಡುಗಿ ಹದಿಮೂರು ವರ್ಷಗಳ ನಂತರ 'ಜೇನ್ ಐರ್' ಪ್ರಕಟಿಸುತ್ತಾಳೆ. ಅದರ ಎರಡನೆಯ ಮುದ್ರಣವನ್ನು ಥ್ಯಾಕರೆ ಎಂಬ ಕಾದಂಬರಿಕಾರನಿಗೆ ಅರ್ಪಿಸುತ್ತಾಳೆ, ಅದೂ ಸ್ಕಾಟ್ ನಂತರದವನಿಗೆ. ಇನ್ನೊಂದು ಕಾರಣ, ಗೆಳತಿಯ ಶೀಲ ಕೆಡದಿರಲೆಂದು ಅವಳು ಹಾಕಿದ ಬೇಲಿ. ಷೇಕ್ಸ್‌ಪಿಯರನ ಹಾಸ್ಯ ನಾಟಕಗಳನ್ನು ಬಿಡು, ಬೈರನನ 'ಡಾನ್ ಜುವಾನ್' ಬಿಡು, ಬಹುಶಃ 'ಕೇನ್' ಕೂಡ ಬಿಡು, ಅದು ಭವ್ಯ ಕಾವ್ಯವೇ ಆದರೂ, ಎನ್ನುತ್ತಾಳೆ. ಅದು ಭವ್ಯವೆಂದು ಇವಳಿಗೆ ಹೇಗೆ ಗೊತ್ತಾಯಿತು? ಪಾದ್ರಿಯ ಮಗಳು ಬೇಲಿಯಾಚೆ ಹೋಗಿ, ಅಲ್ಲೆಲ್ಲ ಅಡ್ಡಾಡಿ ಬಂದು, ಆಮೇಲೆ ಗೆಳತಿಗೆ ಆ ಕಡೆ ಹೋಗಬೇಡವೆನ್ನುತ್ತಿದ್ದಾಳೆ.

ನಗು ಬಂದ ಹಿಂದೆಯೇ ಸ್ವಲ್ಪ ನಾಚಿಕೆಯೂ ಆಯಿತು. ನಾನು ಎಂ.ಎ. ಓದುತ್ತಿದ್ದಾಗ ಚಿಕ್ಕಮ್ಮನ ಮಗಳು ರಜೆಗೆ ಒಂದು ಒಳ್ಳೆಯ ಪುಸ್ತಕ ಹೇಳು ಎಂದು ವಾಟ್ಸಾಪಿನಲ್ಲಿ ಕೇಳಿದ್ದಳು. ನಾನು ನಲವತ್ತೆರಡು ಪುಸ್ತಕಗಳ ಪಟ್ಟಿ ಕಳಿಸಿದೆ. ಕಾಲಾನುಕ್ರಮದಲ್ಲಿತ್ತು, ಯಾವುದನ್ನು ಮೊದಲು ಓದಬೇಕೆಂಬ ಸೂಚನೆಯೂ ಇತ್ತು. ಅವಳು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದಳು. ಮತ್ತೆಂದೂ ಪುಸ್ತಕದ ಮಾತೆತ್ತಲಿಲ್ಲ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಇಂಗ್ಲಿಷ್ ವಿಭಾಗದ ಕೊನೆಯ ಬೆಂಚಿನಲ್ಲಿ ಕೂತವರಿಗೆ ಪಟ್ಟಿಯೆಂದರೆ ಒಂದು ಧೈರ್ಯ. ಇಷ್ಟು ಓದಿದ್ದೇನೆ, ನನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಹೇಳುವ ರೀತಿ. ಯಾರ್ಕ್‌ಷೈರಿನ ಹಾವರ್ತ್ ಎಂಬ ಊರಿನಲ್ಲಿ, ಗುಡ್ಡದ ಮೇಲಿನ ಪಾದ್ರಿಮನೆಯಲ್ಲಿ ಕೂತು ಪಟ್ಟಿ ಬರೆದ ಹುಡುಗಿಗೂ ಅಂಥದ್ದೇ ಏನೋ ಇದ್ದಿರಬೇಕು ಎಂದುಕೊಂಡೆ.

ಹಾಳೆ ಬೆಳೆಯುತ್ತಾ ಹೋಯಿತು. 1840ರ ಆಗಸ್ಟಿನಲ್ಲಿ ಗೊಮರ್ಸಾಲ್‌ನ ಗೆಳತಿಯ ಮನೆಯಿಂದ ಫ್ರೆಂಚ್ ಪುಸ್ತಕಗಳ ಒಂದು ಮೂಟೆ ಬರುತ್ತದೆ, ನಲವತ್ತಕ್ಕೂ ಹೆಚ್ಚು ಸಂಪುಟ. ಎಲೆನ್‌ಗೆ ಅದರ ವರದಿ ಹೋಗುತ್ತದೆ: ಬುದ್ಧಿವಂತಿಕೆಯಿದೆ, ಜೊತೆಗೆ ದುಷ್ಟತನವೂ ಅನೀತಿಯೂ ಇದೆ. ಅರ್ಧದಷ್ಟು ಓದಿ ಮುಗಿದಿದೆಯಂತೆ! 1848ರ ಜನವರಿಯಲ್ಲಿ ವಿಮರ್ಶಕ ಜಿ. ಎಚ್. ಲೂಯಿಸ್‌ನೊಡನೆ ಜೇನ್ ಆಸ್ಟೆನ್ ಬಗ್ಗೆ ಜಗಳ. ಅವನು ಹೊಗಳಿದನೆಂದು 'ಪ್ರೈಡ್ ಅಂಡ್ ಪ್ರೆಜುಡಿಸ್' ತರಿಸಿ ಓದಿದವಳಿಗೆ ಅಲ್ಲಿ ಕಂಡದ್ದು ಅಚ್ಚುಕಟ್ಟಾಗಿ ಬೇಲಿ ಹಾಕಿದ ತೋಟ. ಬಯಲಿಲ್ಲ, ಗಾಳಿಯಿಲ್ಲ, ಬೆಟ್ಟವಿಲ್ಲ, ಆ ಸೊಗಸಾದ ಇಕ್ಕಟ್ಟು ಮನೆಗಳಲ್ಲಿ ಆ ಜನರೊಡನೆ ಬಾಳುವುದು ತನ್ನಿಂದಾಗದು ಎಂದು ಬರೆಯುತ್ತಾಳೆ. ಅದೇ ವರ್ಷದ ಜುಲೈನಲ್ಲಿ ರಸ್ಕಿನ್‌ನ 'ಮಾಡರ್ನ್ ಪೇಂಟರ್ಸ್' ಓದಿ, ಇಷ್ಟು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದಂತಿತ್ತು, ಈ ಪುಸ್ತಕ ಕಣ್ಣು ಕೊಟ್ಟಿತು ಎನ್ನುವ ಅರ್ಥದ ಮಾತು. ಒಂದೊಂದೂ ಒಂದೊಂದು ಸಾಲಾಗಿ ನನ್ನ ಹಾಳೆ ಸೇರಿತು. ಯಾವ ಪುಸ್ತಕದಿಂದ ಯಾವ ಕಾದಂಬರಿಗೆ ಪ್ರಭಾವ ಹರಿಯಿತೆಂದು ಬಾಣದ ಗುರುತು ಹಾಕುವುದಷ್ಟೇ ಇನ್ನು ಬಾಕಿ ಎಂದು ನಂಬಿದ್ದೆ.

ಹಾಳೆಯನ್ನು ನನ್ನ ಗೈಡ್‌ಗೆ ತೋರಿಸಿದ ದಿನ ಅವರು ತುಂಬ ಹೊತ್ತು ಪರದೆ ಸರಿಸುತ್ತಾ ಕೂತರು. ಆಮೇಲೆ, "ಎಲ್ಲಾ ಸರಿಯಾಗಿದೆ. ಈಕೆ ಯಾವಾಗಲೂ ಒಬ್ಬಳೇ ಕೂತು ಓದುತ್ತಿದ್ದಳಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹಾಸ್ಟೆಲಿಗೆ ಬಂದು ಐದನೆಯ ಕಾಲಂ ಸೇರಿಸಿದೆ. ಅದಕ್ಕೆ 'ಯಾರ ಜೊತೆ' ಎಂದು ಹೆಸರಿಟ್ಟು ಮೊದಲ ಪತ್ರದಿಂದ ಮತ್ತೆ ಓದಲು ತೊಡಗಿದೆ.

ಒಂದು ರೀತಿಯಲ್ಲಿ ಕಾಲಂ ಸುಲಭವಾಗಿ ತುಂಬಿತು. ಆ ಫ್ರೆಂಚ್ ಮೂಟೆ ಬಂದದ್ದು ಮೇರಿ ಟೇಲರ್ ಎಂಬ ಗೆಳತಿಯ ಮನೆಯಿಂದ. ಮೇರಿ 1845ರಲ್ಲಿ ನ್ಯೂಜಿಲೆಂಡಿಗೆ ಹಡಗು ಹತ್ತಿದಳು. 1844ರಲ್ಲಿ, ಬ್ರಸೆಲ್ಸ್‌ನಿಂದ ಮರಳಿದ ಮೇಲೆ, ತನಗೆ ಪಾಠ ಹೇಳಿದ ಕಾನ್‌ಸ್ಟಾಂಟಿನ್ ಹೇಗರ್‌ಗೆ ಷಾರ್ಲೆಟ್ ಬರೆದ ಪತ್ರವೊಂದಿದೆ. ದಿನಕ್ಕೆ ಅರ್ಧ ಪುಟ ಫ್ರೆಂಚನ್ನು ಬಾಯಿಪಾಠ ಮಾಡುತ್ತಿದ್ದೇನೆ, ಆ ಶಬ್ದಗಳನ್ನು ಉಚ್ಚರಿಸುವಾಗ ನಿಮ್ಮೊಡನೆ ಮಾತಾಡಿದಂತಾಗುತ್ತದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾಳೆ. ಮೊದಲ ಓದಿನಲ್ಲಿ ನಾನು ಇದನ್ನು ಹಾಳೆಗೆ ಸೇರಿಸಿರಲೇ ಇಲ್ಲ. ಪುಸ್ತಕದ ಹೆಸರಿಲ್ಲವಲ್ಲ! ಓದುವುದೆಂದರೆ ದೂರದಲ್ಲಿರುವ ಒಬ್ಬರ ದನಿಯನ್ನು ತನ್ನ ಬಾಯಲ್ಲಿ ಆಡಿಸಿಕೊಳ್ಳುವುದು ಎಂದು ಇಷ್ಟು ನೇರವಾಗಿ ಹೇಳಿದ ಪತ್ರ ನನ್ನ ಲೆಕ್ಕದಿಂದ ಜಾರಿಹೋಗಿತ್ತು. ಅವನಿಗೆ ಬರೆದ ಪತ್ರಗಳಲ್ಲಿ ಉಳಿದಿರುವುದು ನಾಲ್ಕೇ. ಅವುಗಳಲ್ಲಿ ಕೆಲವು ಹರಿದು ಚೂರಾಗಿದ್ದು, ಯಾರೋ ಮತ್ತೆ ಜೋಡಿಸಿದವು. 1913ರಲ್ಲಿ ಹೇಗರ್ ಮನೆಯವರು ಅವನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು.

ಇನ್ನೊಂದು ರೀತಿಯಲ್ಲಿ ಕಾಲಂ ತುಂಬಲೇ ಇಲ್ಲ. ಎಲೆನ್, ಹೇಗರ್, ಲೂಯಿಸ್, ಪ್ರಕಾಶಕ ಜಾರ್ಜ್ ಸ್ಮಿತ್, ಅದೇ ಪ್ರಕಾಶನದಲ್ಲಿ ಹಸ್ತಪ್ರತಿಗಳನ್ನು ಓದುತ್ತಿದ್ದ ಡಬ್ಲ್ಯು. ಎಸ್. ವಿಲಿಯಮ್ಸ್, ಇವರ ಹೆಸರುಗಳೇ ಮತ್ತೆ ಮತ್ತೆ ಬರುತ್ತಿದ್ದವು. ಎಮಿಲಿ ಮತ್ತು ಆನ್ ಎಲ್ಲಿ? ಒಂದೇ ಮೇಜಿನ ಸುತ್ತ ಕೂತು ಮೂವರು ಅಕ್ಕತಂಗಿಯರು ಬರೆದದ್ದನ್ನು ಓದಿಕೊಳ್ಳುತ್ತಿದ್ದರೆಂದು, ರಾತ್ರಿ ಆ ಮೇಜಿಗೆ ಸುತ್ತು ಹಾಕುತ್ತಾ ಕತೆಗಳ ಬಗ್ಗೆ ಮಾತಾಡುತ್ತಿದ್ದರೆಂದು ಎಲ್ಲ ಜೀವನಚರಿತ್ರೆಗಳೂ ಹೇಳುತ್ತವೆ. ಆದರೆ ಷಾರ್ಲೆಟ್ ತಂಗಿಯರಿಗೆ ಬರೆದ ಪತ್ರಗಳು ಕೈಬೆರಳಿನಲ್ಲಿ ಎಣಿಸುವಷ್ಟೂ ಸಿಗುವುದು ಕಷ್ಟ. ಸಿಗುವ ಕೆಲವೂ ಅವಳು ಮನೆಯಿಂದ ದೂರವಿದ್ದ ದಿನಗಳವು.

ಕಾರಣ ತೀರಾ ಸರಳ. ಎದುರಿಗೆ ಕೂತವರಿಗೆ ಯಾರು ಪತ್ರ ಬರೆಯುತ್ತಾರೆ? ನನಗೆ ಅದು ಹೊಳೆಯಲು ಎರಡು ವರ್ಷ ಬೇಕಾಯಿತು. ಪತ್ರಗಳಲ್ಲಿ ದೂರದವರೊಡನೆ ನಡೆದ ಓದಷ್ಟೇ ಉಳಿಯುತ್ತದೆ. ಪಕ್ಕದ ಕುರ್ಚಿಯವರೊಡನೆ ನಡೆದ ಓದು ಆ ಕೋಣೆಯಲ್ಲೇ ಮುಗಿದುಹೋಗುತ್ತದೆ. 'ಒಬ್ಬ ಲೇಖಕಿಯ ಓದಿನ ಅಭ್ಯಾಸ' ಎಂದು ನಾನು ಪಟ್ಟಿ ಮಾಡಿದ್ದರಲ್ಲಿ ಅವಳ ಅತಿ ಹತ್ತಿರದ ಓದೇ ಇರಲಿಲ್ಲ.

ಆ ಕೋಣೆಯ ಬಾಗಿಲು ಪತ್ರಗಳಲ್ಲಿ ತೆರೆದುಕೊಳ್ಳುವುದು 1848ರ ಕೊನೆಗೆ, ಅದೂ ಬೇಡದ ಕಾರಣಕ್ಕೆ. ಆ ಸೆಪ್ಟೆಂಬರಿನಲ್ಲಿ ತಮ್ಮ ಬ್ರಾನ್ವೆಲ್ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಎಮಿಲಿಗೆ ಕೆಮ್ಮು ಹಿಡಿಯಿತು. ಅವಳು ವೈದ್ಯರನ್ನು ಹತ್ತಿರ ಸೇರಿಸಲಿಲ್ಲ. ನವೆಂಬರಿನಲ್ಲಿ ವಿಲಿಯಮ್ಸ್‌ಗೆ ಬರೆದ ಪತ್ರವೊಂದರಲ್ಲಿ ಷಾರ್ಲೆಟ್ ಒಂದು ಸಂಜೆಯನ್ನು ವರ್ಣಿಸುತ್ತಾಳೆ. ಅಮೆರಿಕದ 'ನಾರ್ತ್ ಅಮೆರಿಕನ್ ರಿವ್ಯೂ'ನಲ್ಲಿ ಈ ಅಕ್ಕತಂಗಿಯರ ಕಾದಂಬರಿಗಳ ಮೇಲೆ ಕಟುವಾದ ವಿಮರ್ಶೆ ಬಂದಿತ್ತು. ವಿಮರ್ಶಕ, ಎಮಿಲಿಯ ಗುಪ್ತನಾಮದ ಲೇಖಕನನ್ನು ಒರಟ, ಕ್ರೂರಿ ಎಂಬಂತೆ ಚಿತ್ರಿಸಿದ್ದ. ಷಾರ್ಲೆಟ್ ಅದನ್ನು ಬೆಂಕಿಯ ಬಳಿ ಕೂತಿದ್ದ ತಂಗಿಯರಿಗೆ ಗಟ್ಟಿಯಾಗಿ ಓದಿದಳು. ಉಸಿರಾಡಲು ಕಷ್ಟಪಡುತ್ತಿದ್ದ ಎಮಿಲಿ ಅರ್ಧ ತಮಾಷೆ, ಅರ್ಧ ತಿರಸ್ಕಾರದಿಂದ ನಕ್ಕಳು. ಹೊಲಿಗೆ ಹಿಡಿದು ಕೂತಿದ್ದ ಆನ್ ಕೂಡ ನಸುನಕ್ಕಳು. ಆ ವಿಮರ್ಶಕ ಈಗ ಈ ಕೋಣೆಯನ್ನು ನೋಡಿದರೆ ಏನೆಂದುಕೊಂಡಾನು ಎಂದು ಓದುತ್ತಿದ್ದವಳು ಯೋಚಿಸಿದಳು.

ಇದಾಗಿ ತಿಂಗಳೊಳಗೆ, ಡಿಸೆಂಬರ್ 18ರ ರಾತ್ರಿ, ಷಾರ್ಲೆಟ್ ಮತ್ತೆ ಗಟ್ಟಿಯಾಗಿ ಓದಿದಳು. ಈ ಸಲ ವಿಲಿಯಮ್ಸ್ ಕಡೆಯಿಂದ ಬಂದಿದ್ದ ಎಮರ್ಸನ್‌ನ ಪ್ರಬಂಧಗಳು. ತಂಗಿ ಕೇಳಿಸಿಕೊಳ್ಳುತ್ತಿಲ್ಲವೆಂದು ಗೊತ್ತಾಗುವವರೆಗೆ ಓದಿದಳು. ನಾಳೆ ಮುಂದುವರಿಸೋಣವೆಂದು ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ಎಮಿಲಿಯ ಮುಖ ನೋಡಿದೊಡನೆ, ಕತ್ತಲಾಗುವ ಮೊದಲು ಏನಾಗಲಿದೆಯೆಂದು ಅವಳಿಗೆ ತಿಳಿಯಿತು. ಎಮಿಲಿ ಆ ಮಧ್ಯಾಹ್ನ ಹೋದಳು. ಮೂವತ್ತು ವರ್ಷ.

ಇದನ್ನು ಷಾರ್ಲೆಟ್ ಹೇಳಿಕೊಂಡದ್ದೂ ವಿಲಿಯಮ್ಸ್‌ಗೆ ಬರೆದ ಪತ್ರದಲ್ಲೇ. ಪುಸ್ತಕ ಕಳಿಸಿದವರಿಗೆ ಪುಸ್ತಕ ಏನಾಯಿತೆಂದು ತಿಳಿಸಬೇಕಲ್ಲ. ನಾನು ಹಳೆಯ ಹಾಳೆ ತೆರೆದು ಎಮರ್ಸನ್ ಹೆಸರು ಹುಡುಕಿದೆ. ಇತ್ತು. ಅವನ ಪ್ರಬಂಧಗಳಲ್ಲಿ ಚಿನ್ನದ ಜೊತೆ ಮಣ್ಣೂ ಬೆರೆತಿದೆಯೆಂದು ಅವಳು ಬರೆದದ್ದನ್ನು ನೋಡಿ, ಅಭಿಪ್ರಾಯದ ಕಾಲಮ್ಮಿನಲ್ಲಿ 'ಮಿಶ್ರ' ಎಂದು ಹಾಕಿ ಮುಂದೆ ಹೋಗಿದ್ದೆ. ಆ ರಾತ್ರಿಯ ಸಂಗತಿಯನ್ನೂ ನಾನು ಓದಿಯೇ ಇದ್ದೆ, ಪೆನ್ಸಿಲಿನ ಗೆರೆ ಅಂಚಿನಲ್ಲಿತ್ತು. ಅದು ಯಾವ ಕಾಲಮ್ಮಿಗೂ ಹೊಂದುವುದಿಲ್ಲವೆಂದು ಬಿಟ್ಟಿದ್ದೆ. ಆ ದಿನ ಮತ್ತೇನೂ ಕೆಲಸ ಮಾಡಲಾಗಲಿಲ್ಲ.

ಇಲ್ಲಿ ನನ್ನ ಅಪ್ಪನ ಮಾತು ತರಬೇಕು. ಕಳೆದ ವರ್ಷ ಅಪ್ಪನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಅರ್ಧ ಗಂಟೆಯ ಕೆಲಸ, ಮಧ್ಯಾಹ್ನಕ್ಕೆಲ್ಲ ಮನೆಗೆ ಬಂದರು. ಹೊಸ ಕನ್ನಡಕ ಬರೆಯಲು ಒಂದು ತಿಂಗಳು ಕಾಯಬೇಕಿತ್ತು. ಅಲ್ಲಿಯವರೆಗೆ ಸಣ್ಣ ಅಕ್ಷರ ಕಾಣದು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುವವರು. ನಾನು ರಜೆ ಹಾಕಿ ಊರಿಗೆ ಹೋಗಿ ದಿನಾ ಬೆಳಿಗ್ಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಷಾರ್ಲೆಟ್ ಕೂಡ 1846ರ ಆಗಸ್ಟಿನಲ್ಲಿ ತಂದೆ ಪ್ಯಾಟ್ರಿಕ್‌ನನ್ನು ಇದೇ ಚಿಕಿತ್ಸೆಗೆ ಮ್ಯಾಂಚೆಸ್ಟರಿಗೆ ಕರೆದೊಯ್ದಿದ್ದಳು. ಆಗ ಅರಿವಳಿಕೆಯಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ ಕತ್ತಲ ಕೋಣೆಯಲ್ಲಿ ಮಲಗಿಸುತ್ತಿದ್ದರು. ಬಾಡಿಗೆ ಮನೆಯಲ್ಲಿ ಅವನು ಚೇತರಿಸಿಕೊಳ್ಳುತ್ತಿದ್ದಾಗ ಮಗಳು 'ಜೇನ್ ಐರ್' ಬರೆಯಲಾರಂಭಿಸಿದಳು. ನಾನೂ ಅಪ್ಪ ಮಲಗಿದ ಮೇಲೆ ಒಂದು ಅಧ್ಯಾಯ ಮುಗಿಸುತ್ತೇನೆಂದು ಲ್ಯಾಪ್‌ಟಾಪ್ ಒಯ್ದಿದ್ದೆ. ಒಂದು ಪುಟವೂ ಆಗಲಿಲ್ಲ.

ಒಂದು ಬೆಳಿಗ್ಗೆ ಮಾರುಕಟ್ಟೆ ಧಾರಣೆಯ ಪುಟದಲ್ಲಿದ್ದೆ. ಅಡಿಕೆ, ಕೊಬ್ಬರಿ, ಮೆಣಸು. ಅಪ್ಪನ ತಲೆ ಕುರ್ಚಿಯ ಮೇಲೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ನಿದ್ದೆ ಹತ್ತಿತೆಂದು ಪತ್ರಿಕೆ ಮಡಚಿದೆ. ಕಣ್ಣು ತೆರೆಯದೆಯೇ "ಯಾಕೆ ನಿಲ್ಲಿಸಿದೆ?" ಎಂದರು.

"ನೀವು ಕೇಳ್ತಾ ಇರ್ಲಿಲ್ಲ."

"ಕೇಳ್ತಾ ಇರ್ಲಿಲ್ಲ. ಆದ್ರೂ ಓದು."

ಓದಿದೆ. ಅಡಿಕೆ ಧಾರಣೆಯನ್ನು ಅಷ್ಟು ನಿಧಾನವಾಗಿ ಯಾರೂ ಓದಿರಲಿಕ್ಕಿಲ್ಲ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಎಮಿಲಿ ನಿಜವಾಗಿ ಕೇಳಿಸಿಕೊಳ್ಳುತ್ತಿರಲಿಲ್ಲವೇ, ಅಥವಾ ಮಾತು ಕೇಳದಿದ್ದರೂ ಅಕ್ಕನ ದನಿ ಬೇಕಿತ್ತೇ, ಹೇಳುವವರಿಲ್ಲ. ಪ್ರಬಂಧದಲ್ಲಿ ಇದನ್ನು ಬರೆದರೆ ಆಧಾರವೇನೆಂದು ಕೇಳುತ್ತಾರೆ, ಕೇಳಬೇಕಾದ್ದೇ. ಆದರೆ ಓದುವುದನ್ನು ನಿಲ್ಲಿಸಿದವಳಿಗೆ ಆ ನಿಲ್ಲಿಸಿದ ಗಳಿಗೆ ನೆನಪಿನಲ್ಲಿ ಉಳಿಯಿತು ಎನ್ನಲು ಆಧಾರವಿದೆ. ಅವಳೇ ಬರೆದಿದ್ದಾಳೆ.

ಐದು ತಿಂಗಳಲ್ಲಿ, 1849ರ ಮೇ 28ರಂದು, ಸ್ಕಾರ್ಬರೋ ಎಂಬ ಕಡಲೂರಿನಲ್ಲಿ ಆನ್ ಕೂಡ ತೀರಿಕೊಂಡಳು. ಜೂನಿನಲ್ಲಿ ಷಾರ್ಲೆಟ್ ಒಬ್ಬಳೇ ಹಾವರ್ತಿಗೆ ಮರಳಿದಳು. ಮನೆಯ ನಾಯಿಗಳು ಕುಣಿದಾಡಿದವಂತೆ. ಇವಳು ಬಂದಳೆಂದರೆ ಉಳಿದವರೂ ಹಿಂದೆ ಬರುತ್ತಿದ್ದಾರೆಂದು ಅವು ತಿಳಿದವೆಂದು ಎಲೆನ್‌ಗೆ ಬರೆದಳು. ಅಲ್ಲಿಂದಾಚೆಗೆ ಪತ್ರಗಳಲ್ಲಿ ಪುಸ್ತಕಗಳ ಹೆಸರು ಒಮ್ಮೆಗೇ ಹೆಚ್ಚುತ್ತದೆ. ಲಂಡನ್ನಿನ ಕಾರ್ನ್‌ಹಿಲ್‌ನಲ್ಲಿದ್ದ ಸ್ಮಿತ್ ಎಲ್ಡರ್ ಪ್ರಕಾಶನದಿಂದ ಪೆಟ್ಟಿಗೆಗಟ್ಟಲೆ ಪುಸ್ತಕ ಬರುತ್ತವೆ. ಅವಳು ಓದಿ, ಅಭಿಪ್ರಾಯ ಬರೆದು, ಹಿಂದಿರುಗಿಸುತ್ತಾಳೆ. ಈ ವರ್ಷಗಳನ್ನು ನಾನು ಮೊದಲು 'ಓದಿನ ಸುಗ್ಗಿ' ಎಂದು ಗುರುತು ಮಾಡಿಕೊಂಡಿದ್ದೆ. ನನ್ನ ಹಾಳೆಗೆ ಸುಗ್ಗಿ ನಿಜ. ಅವಳಿಗೆ? ಮೊದಲಿದ್ದರೆ ಓದಿದ್ದನ್ನು ಹೇಳಲು ಮೇಜಿನ ಆಚೆ ಇಬ್ಬರಿದ್ದರು. ಈಗ ಅದೇ ಮಾತು ಅಂಚೆಯಲ್ಲಿ ಹೋಗಬೇಕು, ಉತ್ತರವೂ ಅಂಚೆಯಲ್ಲೇ ಬರಬೇಕು. ಅಂಚೆಯ ಹೊತ್ತಿಗೆ ತಾನು ಎಷ್ಟು ಹಸಿದು ಕಾಯುತ್ತೇನೆಂದು ಅವಳು ಗೆಳತಿಗೆ ತುಸು ನಾಚಿಕೆಯಿಂದಲೇ ಬರೆದುಕೊಂಡಿದ್ದಾಳೆ. ರಾತ್ರಿ ಊಟದ ಕೋಣೆಯಲ್ಲಿ ಒಬ್ಬಳೇ ಮೇಜಿಗೆ ಸುತ್ತು ಹಾಕುವ ಹೆಜ್ಜೆಯ ಸದ್ದು ಕೇಳಿ ಮನೆಗೆಲಸದ ಮಾರ್ತಾಳಿಗೆ ಹೊಟ್ಟೆ ಸಂಕಟವಾಗುತ್ತಿತ್ತಂತೆ.

1850ರಲ್ಲಿ ಟೆನಿಸನ್‌ನ 'ಇನ್ ಮೆಮೋರಿಯಮ್' ಬಂತು, ಸತ್ತ ಗೆಳೆಯನಿಗಾಗಿ ಬರೆದ ದೀರ್ಘ ಕಾವ್ಯ. ಇಂಗ್ಲೆಂಡಿಗೆ ಇಂಗ್ಲೆಂಡೇ ಅದನ್ನು ಓದಿ ಮರುಗಿತು. ಷಾರ್ಲೆಟ್ ಅರ್ಧಕ್ಕೆ ಪುಸ್ತಕ ಮುಚ್ಚಿದಳು. ಸುಂದರವಾಗಿದೆ, ಶೋಕವಿದೆ, ಏಕತಾನವೂ ಇದೆ ಎಂದು ಎಲಿಜಬೆತ್ ಗ್ಯಾಸ್ಕೆಲ್‌ಗೆ ತಿಳಿಸಿದಳು. ಸತ್ತವನು ಗೆಳೆಯನಾಗದೆ ಒಡಹುಟ್ಟಿದವನಾಗಿದ್ದರೆ ಹೀಗೆ ಪ್ರಾಸಬದ್ಧವಾಗಿ ಅಳೆದು ಅಚ್ಚುಹಾಕಿದ ದುಃಖವನ್ನು ತಾನು ನಂಬುತ್ತಿರಲಿಲ್ಲ ಎಂದೂ ಸೇರಿಸಿದಳು. ನನ್ನ ಹಾಳೆಯಲ್ಲಿ ಇದು 'ನಕಾರಾತ್ಮಕ' ಎಂದಿತ್ತು. ಅದೇ ವರ್ಷದ ಕೊನೆಗೆ, ತಂಗಿಯರ ಕಾದಂಬರಿಗಳ ಹೊಸ ಮುದ್ರಣಕ್ಕೆಂದು ಅವರ ಕಾಗದಪತ್ರಗಳನ್ನೆಲ್ಲ ಅವಳು ಮತ್ತೆ ಓದಿದಳು. ಆ ಓದು ಅಗಲಿಕೆಯ ನೋವನ್ನು ಹೊಸದಾಗಿ ಎಬ್ಬಿಸಿತೆಂದು ಎಲೆನ್‌ಗೆ ಬರೆದಿದ್ದಾಳೆ. ಇದಕ್ಕೆ ಯಾವ ಗುರುತು ಹಾಕಲಿ?

ಇಷ್ಟೂ ನಮಗೆ ದಕ್ಕಿರುವುದು ಒಬ್ಬಳು ಮಾತು ಕೇಳದಿದ್ದರಿಂದ. 1854ರಲ್ಲಿ ಷಾರ್ಲೆಟ್ ಮದುವೆಯಾದ ಕೆಲವು ತಿಂಗಳಿಗೆ ಅವಳ ಗಂಡ ಆರ್ಥರ್ ನಿಕೋಲ್ಸ್, ಹೆಂಡತಿಯ ಪತ್ರಗಳು ಬೆಂಕಿಕಡ್ಡಿಯಷ್ಟು ಅಪಾಯಕಾರಿ ಎಂದು ಕಂಡು, ಓದಿದೊಡನೆ ಸುಟ್ಟುಬಿಡುವ ಮಾತು ಕೊಡಬೇಕೆಂದು ಎಲೆನ್‌ಗೆ ಹೇಳಿಕಳಿಸಿದ. ಎಲೆನ್ ಷರತ್ತಿನ ಮೇಲೆ ಒಪ್ಪಿದಳು, ಆದರೆ ಸುಡಲಿಲ್ಲ. ಮುನ್ನೂರಕ್ಕೂ ಹೆಚ್ಚು ಪತ್ರಗಳು ಹೀಗೆ ಉಳಿದವು. ನ್ಯೂಜಿಲೆಂಡಿಗೆ ಹೋದ ಮೇರಿ, ಷಾರ್ಲೆಟ್‌ಗೆ ತೊಂದರೆಯಾಗದಿರಲೆಂದು ತನ್ನಲ್ಲಿದ್ದ ಪತ್ರಗಳನ್ನು ನಾಶಮಾಡಿದಳು. ಬಹುತೇಕ ಒಂದೇ ಉಳಿಯಿತು. ಇಬ್ಬರದೂ ಪ್ರೀತಿಯೇ. ಮೇರಿಗೆ ಬರೆದ ಪತ್ರಗಳಲ್ಲಿ ಇನ್ನೆಷ್ಟು ಧೈರ್ಯದ ಓದು ಇತ್ತೋ, ಆ ಫ್ರೆಂಚ್ ಮೂಟೆಯ ಬಗ್ಗೆ ಅವಳಿಗೆ ಏನೆಂದು ಬರೆದಿದ್ದಳೋ.

ಈಗ ಅಧ್ಯಾಯದ ಹೊಸ ಕರಡು ಗೈಡ್ ಮೇಜಿನ ಮೇಲಿದೆ. ಪ್ರಭಾವದ ಬಾಣಗಳನ್ನು ಬಹುಪಾಲು ತೆಗೆದಿದ್ದೇನೆ. ಐದನೆಯ ಕಾಲಂ ಉಳಿಸಿಕೊಂಡಿದ್ದೇನೆ, ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದರೂ. ಖಾಲಿ ಏಕಿದೆಯೆಂದು ವಿವರಿಸುವುದೇ ಅಧ್ಯಾಯದ ಮುಖ್ಯ ಭಾಗವಾಗಿದೆ. ಎಮರ್ಸನ್ ಸಾಲಿನಲ್ಲಿ 'ಮಿಶ್ರ' ಹಾಗೇ ಇದೆ, ಅದು ಸುಳ್ಳಲ್ಲ. ಪಕ್ಕದಲ್ಲಿ ಎಮಿಲಿಯ ಹೆಸರು ಬರೆದಿದ್ದೇನೆ.

ಅಪ್ಪನಿಗೆ ಹೊಸ ಕನ್ನಡಕ ಬಂದಿದೆ. ಪತ್ರಿಕೆ ತಾವೇ ಓದುತ್ತಾರೆ. ಕಳೆದ ತಿಂಗಳು ಚಿಕ್ಕಮ್ಮನ ಮಗಳು ಮನೆಗೆ ಬಂದಿದ್ದಳು. ನಾನು ಪಟ್ಟಿಯ ಸುದ್ದಿ ಎತ್ತಲಿಲ್ಲ. ಅವಳ ಬ್ಯಾಗಿನಲ್ಲಿ ಒಂದು ಪತ್ತೇದಾರಿ ಕಾದಂಬರಿಯಿತ್ತು, ನನ್ನ ನಲವತ್ತೆರಡರಲ್ಲಿ ಇಲ್ಲದ್ದು. ಹೇಗಿದೆ ಎಂದು ಕೇಳಿದೆ. ಕತೆ ಹೇಳಲು ಶುರುಮಾಡಿದವಳು ಊಟದ ಹೊತ್ತಾದರೂ ನಿಲ್ಲಿಸಲಿಲ್ಲ. ಕೊಲೆ ಮಾಡಿದವರು ಯಾರೆಂದು ಮಾತ್ರ ಹೇಳಲಿಲ್ಲ, ನೀನೇ ಓದು ಎಂದು ಪುಸ್ತಕ ಬಿಟ್ಟುಹೋದಳು. ಓದುತ್ತಿದ್ದೇನೆ.